ಅಪ್ಪಂಗೆ ಇಸಿಜಿ ಆಯ್ತು, ಅಮ್ಮಂಗೆ ಬೇಡ್ವಾ?

ಅರಸೀಕೆರೆ ಮಗಳು:
2025ರ ಜೂನ್‌ನಲ್ಲಿ ಟಿವಿ ತುಂಬ ಹಾಸನದ ಹೃದಯಾಘಾತದ್ದೇ ಸುದ್ದಿ ಇತ್ತಲ್ಲ, ಆಗ ಅಣ್ಣ ಹೆದರಿ ಅಪ್ಪಂಗೆ ಇಸಿಜಿ, ಎಕೋ ಎಲ್ಲಾ ಮಾಡಿಸ್ಕೊಂಡು ಬಂದ. ಅಪ್ಪ ಬೀಡಿ ಸೇದ್ತಾರೆ, ಸರಿ. ಅಮ್ಮನ ಹೆಸರನ್ನ ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಮ್ಮಂಗೆ 58, ಮುಟ್ಟು ನಿಂತು 8 ವರ್ಷ, ಸಕ್ಕರೆ ಕಾಯಿಲೆ ಬೇರೆ. ಒಂದು ತಿಂಗಳಿಂದ ಡೈರಿಗೆ ಹಾಲು ಹಾಕೋಕೆ ಹೋಗುವಾಗ ದಾರಿಲಿ ಅರಳಿಕಟ್ಟೆ ಮೇಲೆ ಕೂತ್ಕೋತಾರೆ. ಬೆನ್ನು, ದವಡೆ ಹಿಡ್ಕೊಂಡಂಗೆ ಆಗುತ್ತಂತೆ, ಕೂತ್ರೆ ಸರಿ ಹೋಗುತ್ತಂತೆ. ‘ಎದೆನೋವಿಲ್ವಲ್ಲ, ಗ್ಯಾಸ್ಟ್ರಿಕ್ಕು’ ಅಂತ ಜೀರಿಗೆ ಕಷಾಯ ಕುಡೀತಾರೆ. ಹೆಂಗಸರಿಗೆ ಹಾರ್ಟ್ ತೊಂದ್ರೆ ಕಮ್ಮಿ ಅನ್ನೋದು ನಿಜವಾ?

ಹೊಳೆನರಸೀಪುರದವನು:
ಹೊಲ, ಕೊಟ್ಟಿಗೆ ಅಂತ ಮೈಮುರಿದು ದುಡಿಯೋರಿಗೆ ಏನೂ ಆಗಲ್ಲಮ್ಮ. ಸುಮ್ನೆ ಗಾಬರಿ.

ಚಿಕ್ಕಮಗಳೂರು ಸಿಸ್ಟರ್:
ಅಣ್ಣಾ, ಹಂಗನ್ಬೇಡಿ. ವಾರ್ಡಿನಲ್ಲಿ ‘ಸುಸ್ತು ಅಷ್ಟೇ’ ಅಂದ್ಕೊಂಡು ತಡವಾಗಿ ಬರೋ ಹೆಂಗಸರನ್ನ ದಿನಾ ನೋಡ್ತೀನಿ.

ತಂಗಿ, ಹೆಂಗಸರಿಗೆ ಕಮ್ಮಿ ಅಲ್ಲ, ತಡ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಹೆಂಗಸರಿಗೆ ಮೊದಲ ಹೃದಯಾಘಾತ ಗಂಡಸರಿಗಿಂತ ಸುಮಾರು 9 ವರ್ಷ ತಡವಾಗಿ ಆಗಿತ್ತು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನಿನ ಕಾವಲು ಹೋಗುತ್ತೆ. ಸಕ್ಕರೆ ಕಾಯಿಲೆ ಇದ್ರಂತೂ ಆ ರಿಯಾಯಿತಿ ಬಹುಪಾಲು ಮುಂಚೆನೇ ಮುಗಿದಿರುತ್ತೆ. ಅವರಿಗೂ ಎದೆನೋವು ಬರುತ್ತೆ, ಆದ್ರೆ ದವಡೆ, ಬೆನ್ನು, ಏದುಸಿರು, ವಾಕರಿಕೆ ಗಂಡಸರಿಗಿಂತ ಜಾಸ್ತಿ. ನಡೆದಾಗ ಬಂದು ಕೂತಾಗ ಹೋಗೋ ನೋವನ್ನ ಗ್ಯಾಸ್ಟ್ರಿಕ್ ಲೆಕ್ಕಕ್ಕೆ ಬರೀಬೇಡಿ. ಇವತ್ತೇ ತೋರಿಸಿ. ಮಲಗಿಸಿ ತೆಗೆದ ಇಸಿಜಿ ನಾರ್ಮಲ್ ಬಂದ್ರೂ ಅಲ್ಲಿಗೆ ಬಿಡ್ಬೇಡಿ, ಮುಂದಿನ ಟೆಸ್ಟ್ ಏನು ಅಂತ ಕೇಳಿ. ಕೂತಾಗ್ಲೂ ನೋವು ಬಂದು ಬೆವತ್ರೆ 108.

ಮೂಡಿಗೆರೆ ತೋಟದವ:
ಊಟಾನೂ ನೋಡಿ. ನಮ್ಮನೇಲಿ ಗಂಡಸರ ತಟ್ಟೆಗೆ ಹಂದಿಮಾಂಸ, ಸಂಜೆಗೆ ಪ್ಯಾಕೆಟ್ಟು. ಹೆಂಗಸರು ಎಲ್ಲರದ್ದೂ ಆದ್ಮೇಲೆ 3 ಗಂಟೆಗೆ ಉಳಿದ ಅನ್ನ, ಉಪ್ಪಿನಕಾಯಿ. ಉಪ್ಪು ದಿನಕ್ಕೆ 5 ಗ್ರಾಂ ಒಳಗಿರ್ಬೇಕಂತೆ, ಅಂದ್ರೆ ಒಂದೇ ಟೀ ಚಮಚ. ಇನ್ನೊಂದು, ಅಮ್ಮ ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕ್ತಾರಾ? ನಮ್ಮಜ್ಜಿ ‘ನಾನೇನು ಸೇದ್ತೀನಾ’ ಅಂತಿದ್ರು.

ಅರಸೀಕೆರೆ ಮಗಳು:
ಹಾಕ್ತಾರೆ. ಸೊಂಟದ ಚೀಲದಲ್ಲೇ ಇರುತ್ತೆ. ಅಪ್ಪನ ಬೀಡಿ ಎಣಿಸ್ತಿದ್ದೋಳು ಅದನ್ನ ಎಣಿಸೇ ಇಲ್ಲ ನೋಡಿ.

ಅಕ್ಕ, ಆಟೋ ಬಂದಿದೆ, ಹಾಸನಕ್ಕೆ ಹೊರಟಿದೀವಿ. ಸಂಜೆ ಹಾಲು ಯಾರು ಕರೀತಾರೆ ಅಂತ ಅಮ್ಮಂದು ಒಂದೇ ಜಗಳ. ಅಣ್ಣ ಕರೀಲಿ ಅಂದೆ. ಅವನು ಹತ್ರ ಹೋದ್ರೆ ಹಸು ಒದೆಯುತ್ತಂತೆ.