ಸಹಾಯ ಬೇಕು: ಮೆಲಟೋನಿನ್ ರಿಸೆಪ್ಟರ್ ಬಗ್ಗೆ ಹೇಳಿಕೊಡುವವರು ಪುಣೆಯಲ್ಲಿ ಇದ್ದಾರಾ?

ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಓದುತ್ತಿದ್ದೇನೆ, ಮುಂದಿನ ವಾರ ಸೆಮಿನಾರ್ ಇದೆ. ಮೆಲಟೋನಿನ್ ಹಾರ್ಮೋನ್ ಬಂದು ಅಂಟುವ ಎಂಟಿ1, ಎಂಟಿ2 ರಿಸೆಪ್ಟರ್ ಎರಡೂ ಮುಖ್ಯವಾಗಿ ಜಿಐ ಪ್ರೋಟೀನ್ (ರಿಸೆಪ್ಟರಿನ ಸಂದೇಶವನ್ನು ಕೋಶದೊಳಗೆ ಮುಟ್ಟಿಸುವ ಪ್ರೋಟೀನ್) ಮೂಲಕ ಅಡಿನೈಲಿಲ್ ಸೈಕ್ಲೇಸನ್ನು, ಅಂದರೆ ಸೈಕ್ಲಿಕ್ ಎಎಂಪಿ ತಯಾರಿಸುವ ಕಿಣ್ವವನ್ನು, ತಡೆಯುತ್ತವೆ. ಕೋಶದೊಳಗಿನ ಸಂದೇಶವಾಹಕವಾದ ಸೈಕ್ಲಿಕ್ ಎಎಂಪಿ ಇಳಿಯುತ್ತದೆ, ಅದರಿಂದ ಚಾಲೂ ಆಗುವ ಪಿಕೆಎ ಕಿಣ್ವದ ಕೆಲಸ ತಗ್ಗುತ್ತದೆ. ಇಲ್ಲಿವರೆಗೆ ಸರಿ. ಪ್ರಯೋಗದಲ್ಲಿ ಮೊದಲು ಫೋರ್ಸ್ಕೋಲಿನ್ (ಅದೇ ಸೈಕ್ಲೇಸನ್ನು ಚುರುಕುಗೊಳಿಸುವ ವಸ್ತು) ಹಾಕಿ ಸೈಕ್ಲಿಕ್ ಎಎಂಪಿ ಏರಿಸುತ್ತಾರೆ, ಆಮೇಲೆ ಮೆಲಟೋನಿನ್. ಮೊದಲೇ ಕಡಿಮೆ ಇದ್ದರೆ ಇಳಿದದ್ದು ಕಾಣೋದು ಕಷ್ಟ, ಅಲ್ವಾ? ಹೀಗೆ ಏರಿ ಇಳಿಯುವ ಗ್ರಾಫ್ ನನಗೆ ತುಂಬಾ ಇಷ್ಟ.

ನಾನು ಸಿಕ್ಕಿಹಾಕಿಕೊಂಡಿರುವುದು ಜಿಐ ಪ್ರೋಟೀನಿನ ಭಾಗವಾದ ಬೀಟಾ-ಗಾಮಾ ಜೋಡಿಯಲ್ಲಿ. ಅದು ಪೊಟ್ಯಾಸಿಯಂ ಚಾನಲ್ ತೆರೆದು ನರಕೋಶದ ಫೈರಿಂಗ್ (ವಿದ್ಯುತ್ ಸಂಕೇತ ಹೊಮ್ಮಿಸುವುದು) ಹೇಗೆ ತಗ್ಗಿಸುತ್ತದೆ ಎಂದು ಚಿತ್ರ ಬರೆದು ಹೇಳಿಕೊಡುವವರು ಬೇಕು. ಸುಮ್ನೆ ಬಾಯಿಪಾಠ ಒಪ್ಪಿಸಲು ಮನಸ್ಸಿಲ್ಲ. ಪಾಷಾಣ್, ಔಂಧ್ ಕಡೆ ಯಾರಾದರೂ ಇದ್ದರೆ ಭಾನುವಾರ ನಾನೇ ಬರುತ್ತೇನೆ. ಕನ್ನಡದಲ್ಲೇ ಹೇಳಿದರೆ ಇನ್ನೂ ಖುಷಿ. ದಯವಿಟ್ಟು ಮೆಸೇಜ್ ಮಾಡಿ.