ಫೌಂಡ್ರಿ ಧೂಳು, ಬಿಡದ ಕೆಮ್ಮು: ಡಾಕ್ಟರನ್ನು ಕೇಳಿ

ರೇಣುಕಾ: ಡಾಕ್ಟ್ರೇ, ನಮ್ಮನೆಯವರು ಬೆಳಗಾವಿಯ ಫೌಂಡ್ರಿಯಲ್ಲಿ (ಲೋಹದ ಎರಕ ಹೊಯ್ಯುವ ಕಾರ್ಖಾನೆ) 9 ವರ್ಷದಿಂದ ಫೆಟ್ಲಿಂಗ್, ಅಂದರೆ ಎರಕಕ್ಕೆ ಅಂಟಿದ ಮರಳು ಉಜ್ಜಿ ತೆಗೆಯುವ ಕೆಲಸ, ಮಾಡುತ್ತಾರೆ. ವಯಸ್ಸು 36. ಒಣ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ಕಫದಲ್ಲಿ ಟಿಬಿ ಸಿಗಲಿಲ್ಲ. ಆದರೂ ಎಕ್ಸ್‌ರೇ ನೋಡಿ 6 ತಿಂಗಳು ಟಿಬಿ ಮಾತ್ರೆ ಕೊಟ್ಟರು. ಕೆಮ್ಮು ಹೋಗಿಲ್ಲ. ಈಗ ಮತ್ತೆ ಅದೇ ಮಾತ್ರೆ ಅನ್ನುತ್ತಿದ್ದಾರೆ.

ಶಿವು: ಸರ್, ದಿನಾ ಬೆಲ್ಲ ತಿಂದರೆ ಧೂಳು ಹೋಗುತ್ತಂತೆ, ನಿಜಾನಾ?

ಡಾಕ್ಟರ್: ಇಲ್ಲ. ಬೆಲ್ಲ ಹೊಟ್ಟೆಗೆ ಹೋಗುತ್ತದೆ. ಧೂಳು ಇರುವುದು ಶ್ವಾಸಕೋಶದಲ್ಲಿ.

ಡಾಕ್ಟರ್: ರೇಣುಕಾ ಅವರೇ, ನಿಮ್ಮ ಮೆಸೇಜ್ ಎರಡು ಸಲ ಓದಿದೆ. ಅಚ್ಚಿನ ಮರಳಿನಲ್ಲಿ ಸಿಲಿಕಾ ಅನ್ನುವ ಖನಿಜ ಇರುತ್ತದೆ. ಎರಕಕ್ಕೆ ಅಂಟಿದ ಮರಳನ್ನು ಗ್ರೈಂಡರ್‌ನಲ್ಲಿ ಉಜ್ಜಿದಾಗ ಕಣ್ಣಿಗೆ ಕಾಣದ ಪುಡಿ ಏಳುತ್ತದೆ. 5 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಸಣ್ಣದು ಶ್ವಾಸಕೋಶದ ಆಳಕ್ಕೆ ಇಳಿದು, ಅಲ್ಲಿ ಗಾಯವಾಗಿ ಗಂಟು ಕಟ್ಟುತ್ತದೆ. ಅದೇ ಸಿಲಿಕೋಸಿಸ್. ಎಕ್ಸ್‌ರೇಯಲ್ಲಿ ಟಿಬಿ ಥರಾನೇ ಕಾಣಬಹುದು. ಆದರೆ ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬರುವುದೂ ಜಾಸ್ತಿ. ಎರಡನ್ನೂ ನೋಡಬೇಕು, ಮಾತ್ರೆ ಬಗ್ಗೆ ನೀವೇ ತೀರ್ಮಾನ ಮಾಡಬೇಡಿ. ಎದೆರೋಗ ತಜ್ಞರ ಹತ್ತಿರ ಹೋಗಿ, ‘ಫೆಟ್ಲಿಂಗ್, 9 ವರ್ಷ’ ಅಂತ ಚೀಟಿಯಲ್ಲಿ ಬರೆಸಿ. ಕೆಲಸ ಏನು ಅಂತ ಯಾರೂ ಕೇಳದಿದ್ದರೆ ಈ ಕಾಯಿಲೆ ಪತ್ತೆಯಾಗುವುದೇ ಇಲ್ಲ. ಸಿಲಿಕೋಸಿಸ್ ಅಂತ ಆದರೆ ಡಾಕ್ಟರ್ ಫ್ಯಾಕ್ಟರಿ ಇಲಾಖೆಗೆ ತಿಳಿಸಲೇಬೇಕು, ಕಾನೂನಿದೆ. ಇಎಸ್‌ಐ (ಕಾರ್ಮಿಕರ ವಿಮೆ) ಪರಿಹಾರ ಕೇಳುವಾಗಲೂ ಸಿಲಿಕೋಸಿಸ್ ಅಂತ ಬರೆದ ಕಾಗದ ಬೇಕಾಗುತ್ತದೆ. ಒಂದು ಹೇಳಿ, ಶಿಫ್ಟ್ ಮುಗಿದ ಮೇಲೆ ಮೈಗೆ ಏರ್ ಹೊಡೆದುಕೊಳ್ಳುತ್ತಾರಾ?

ರೇಣುಕಾ: ಹೌದು, ಎಲ್ಲರೂ ಪೈಪ್ ಹಿಡಿದು ತಲೆಯಿಂದ ಕಾಲಿನವರೆಗೆ ಹೊಡೆದುಕೊಳ್ಳುತ್ತಾರಂತೆ. ಆದರೂ ಮನೆಗೆ ಬಂದಾಗ ಕಿವಿ ಹಿಂದೆ ಬೂದು ಧೂಳು ಇರುತ್ತದೆ.

ಡಾಕ್ಟರ್: ಇವತ್ತೇ ನಿಲ್ಲಿಸಲು ಹೇಳಿ. ಕೂತ ಧೂಳು ಎದ್ದು ಮತ್ತೆ ಮೂಗಿಗೇ ಹೋಗುತ್ತದೆ.



ಮಹಾಂತೇಶ: ನಾನು ಫೌಂಡ್ರಿ ಸೂಪರ್‌ವೈಸರ್. ಮಾಸ್ಕ್ ಕೊಟ್ಟರೂ ಕೆಲಸಗಾರರು ಹಾಕುವುದಿಲ್ಲ. ಹಾಕಿದರೆ ಕೆಲಸ ನಿಧಾನ. ಪ್ರೊಡಕ್ಷನ್‌ಗೆ ಯಾರು ಉತ್ತರ ಕೊಡಬೇಕು?

ಬಸು: ಅಣ್ಣಾ, ವಾರಕ್ಕೊಂದು ಬಟ್ಟೆ ಮಾಸ್ಕ್ ಕೊಟ್ಟಿದ್ದೀರಿ. ಫರ್ನೇಸ್ ಪಕ್ಕ ನೀವೇ ಒಂದು ಗಂಟೆ ಹಾಕಿಕೊಂಡು ನಿಲ್ಲಿ.

ಮಹಾಂತೇಶ: ನನಗೆ ಪಾಠ ಹೇಳಬೇಡ.

ಬಸು: ಹೋದ ತಿಂಗಳು ಕೆಮ್ಮು ಅಂತ 4 ಜನ ರಜೆ ಹಾಕಿದರಲ್ಲ, ಆಗ ಎಲ್ಲಿ ಹೋಯ್ತು ನಿಮ್ಮ ಪ್ರೊಡಕ್ಷನ್?

ಡಾಕ್ಟರ್: ಮಹಾಂತೇಶ್, ಮಾಸ್ಕ್ ಕೊನೆಯ ಉಪಾಯ. ಬಟ್ಟೆಯದಂತೂ ಈ ಧೂಳು ತಡೆಯುವುದಿಲ್ಲ. ಗ್ರೈಂಡರ್ ಹತ್ತಿರವೇ ಧೂಳು ಹೀರುವ ಡಕ್ಟ್ (ಗಾಳಿ ಕೊಳವೆ) ಹಾಕಿಸಿ. ನೆಲಕ್ಕೆ ನೀರು ಹೊಡೆದು ಗುಡಿಸಿ.

ಮಹಾಂತೇಶ: ಅದೆಲ್ಲ ಮಾಲೀಕರನ್ನು ಕೇಳಿ.

ಬಸು: ಬೈಯೋಕೆ ಮಾತ್ರ ನೀವು!

ಶಿವು: ಫಾರ್ವರ್ಡ್ ಬಂದಿದೆ. ಅರಿಶಿನ ಹಾಲಿಗೆ ಬೆಲ್ಲ, 21 ದಿನ, ಶ್ವಾಸಕೋಶ ಪೂರ್ತಿ ಕ್ಲೀನ್.

ಡಾಕ್ಟರ್: ಶಿವು, ಡಿಲೀಟ್ ಮಾಡಿ. ಗಂಟು ಕಟ್ಟಿದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧ ಇನ್ನೂ ಇಲ್ಲ. ಇದನ್ನು ನಂಬಿ ಯಾರಾದರೂ ತಪಾಸಣೆ ಮುಂದೂಡಿದರೆ ಏನು ಮಾಡ್ತೀರಿ?

ಈರಣ್ಣ: ಬಾಳೆಹಣ್ಣು ತಿಂದರೆ ಸರ್?

ಡಾಕ್ಟರ್: ಇಲ್ಲ.

ರೇಣುಕಾ: ಡಾಕ್ಟ್ರೇ, ಎಕ್ಸ್‌ರೇ 3 ಇವೆ. ಹೊಸದು ಒಂದೇ ಸಾಕಾ?

ಡಾಕ್ಟರ್: ಮೂರೂ ಒಯ್ಯಿರಿ. ಹಳೆಯದರ ಪಕ್ಕ ಹೊಸದು ಇಟ್ಟು ನೋಡಬೇಕು.