ಇಥಿಯೋಪಿಯಾದ ತಾಯಿತದ ಸುರುಳಿ: ಹೆಸರು ಕೆರೆದಿದ್ದರೆ ನಕಲಿಯೇ?

ಪ್ರಶ್ನೆ: ಗೊಂದರ್ ಕಡೆಯದೆಂದು ಕೊಟ್ಟ ಚರ್ಮದ ಸುರುಳಿ. ಅಗಲ 9 ಸೆಂ.ಮೀ., ಉದ್ದ ಸುಮಾರು 1.6 ಮೀಟರ್, ಮೂರು ತುಂಡು ಸೇರಿಸಿ ಹೊಲಿದಿದೆ. ನಾಲ್ಕೈದು ಕಡೆ ಅಕ್ಷರ ಕೆರೆದು ಬೇರೆ ಕೈಬರಹದಲ್ಲಿ ಬರೆದಿದ್ದಾರೆ. ನಕಲಿ ಇರಬಹುದೇ? ಸುತ್ತಿಕೊಂಡೇ ಇರುತ್ತದೆ, ಇಸ್ತ್ರಿ ಹಾಕಬಹುದೇ?

ಉತ್ತರ 1: ಕೆರೆದದ್ದು ಒಳ್ಳೆಯ ಲಕ್ಷಣವೇ. ದೆಬ್ತೆರಾ (ಚರ್ಚಿನ ಪಾಠ, ಹಾಡು ಕಲಿತವರು, ಪಾದ್ರಿಯಲ್ಲ) ಇದನ್ನು ಒಬ್ಬರಿಗೆಂದೇ ಬರೆಯುತ್ತಿದ್ದರು; ತಲೆಯಿಂದ ಕಾಲಿನವರೆಗೆ ಕಾಯಲಿ ಎಂದು ಉದ್ದ ಬರೆಸಿಕೊಂಡವರ ಎತ್ತರದಷ್ಟೇ. ಒಂದೇ ಕುರಿ ಅಥವಾ ಮೇಕೆಯ ತೊಗಲಲ್ಲಿ ಅಷ್ಟುದ್ದದ ಪಟ್ಟಿ ಸಿಗದು, ಹಾಗಾಗಿ ಹೊಲಿಗೆ. ಪ್ರಾರ್ಥನೆಯ ನಡುವೆ ಅವರ ದೀಕ್ಷಾಸ್ನಾನದ ಹೆಸರು ಮತ್ತೆ ಮತ್ತೆ ಬರುತ್ತದೆ. ಸುರುಳಿ ಕೈಬದಲಾದರೆ ಹೆಸರನ್ನಷ್ಟೇ ಕೆರೆದು ಹೊಸದು ಬರೆಯುತ್ತಾರೆ. ‘ವಲತ್ತ’ ಎಂದು ಶುರುವಾದರೆ ಹೆಂಗಸಿನದು, ‘ವಲ್ದ’, ‘ಗಬ್ರ’ ಆದರೆ ಗಂಡಸಿನದು.

ಉತ್ತರ 2: ಬರಹ ನೋಡಿ. ಭಾಷೆ ಗೀಜ್, ಅಲ್ಲಿನ ಚರ್ಚಿನ ಹಳೆಯ ಭಾಷೆ. ಆರಂಭದ ‘ತಂದೆ, ಮಗ, ಪವಿತ್ರಾತ್ಮ’ ಸಾಲು ಸಾಮಾನ್ಯವಾಗಿ ಕೆಂಪು, ಉಳಿದದ್ದು ಕಪ್ಪು. ಕುದುರೆ ಮೇಲೆ ಕೂತು ಹೆಣ್ಣುದೆವ್ವವನ್ನು ಈಟಿಯಿಂದ ತಿವಿಯುವವನಿದ್ದರೆ ಅವನು ಸಂತ ಸುಸ್ನಿಯೋಸ್, ಅವಳು ಕೂಸುಗಳನ್ನು ಕೊಲ್ಲುವ ವೆರ್ಜೆಲ್ಯಾ. ಬಸುರಿ-ಬಾಣಂತಿಯರಿಗೆ ಬರೆಸುವ ಪಾಠವದು. ದೃಷ್ಟಿಗೆ ಬೇರೆ ಪ್ರಾರ್ಥನೆ, ದೆವ್ವವನ್ನು ಸೆರೆಹಿಡಿಯಲು ‘ಸೊಲೊಮೋನನ ಬಲೆ’ ಎಂಬ ಪ್ರಾರ್ಥನೆ. ನಡುವಿನ ದೊಡ್ಡ ಕಣ್ಣುಗಳು ಅಲಂಕಾರವಲ್ಲ: ರೋಗಿ ನೋಡಿದಾಗ ಅವನೊಳಗಿನ ದೆವ್ವ ಬೆದರಬೇಕು. ಪ್ರವಾಸಿಗರಿಗೆ ಮಾರಲೆಂದೇ ಮಾಡಿದ್ದರಲ್ಲಿ ಚಿತ್ರ ಜಾಸ್ತಿ, ಬರಹ ಕಮ್ಮಿ. ಅದೂ ಎಷ್ಟೋ ಸಲ ಓದಿದರೆ ಅರ್ಥವಾಗದ ಅಕ್ಷರದ ಸಾಲು. ತೊಗಲು ಕಂದಾಗಿದ್ದರೆ ಹಳೆಯದೇ.

ಉತ್ತರ 3: ಆ ಕೊನೆಯ ಮಾತು ಒಪ್ಪೆ. ಹೊಗೆ ಹಾಕಿದರೆ ಯಾವುದೂ ಕಂದಾಗುತ್ತದೆ. ಚರ್ಮದ ಕೊಳವೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡದ್ದಾದರೆ ಹೊರತುದಿ ಜಿಡ್ಡು, ಒಳಸುತ್ತು ಬಿಳುಪು. ಉದ್ದಕ್ಕೂ ಒಂದೇ ಬಣ್ಣವಿದ್ದರೆ ಅನುಮಾನಪಡಿ.

ಇಸ್ತ್ರಿ ಬೇಡವೇ ಬೇಡ, ಬಿಸಿಗೆ ತೊಗಲು ಮುರುಟುತ್ತದೆ. ಒದ್ದೆ ಬಟ್ಟೆಯೂ ಬೇಡ: ಕಪ್ಪು ಮಸಿ ಕಾಡಿಗೆಯದು, ತೊಗಲಿನ ಮೇಲಷ್ಟೇ ಕೂತಿರುತ್ತದೆ, ನೀರು ತಾಕಿದರೆ ಕದಡುತ್ತದೆ. ತೇವಾಂಶ ಶೇ. 50-55 ಇರುವ ಕೋಣೆಯಲ್ಲಿ ಒಂದೆರಡು ದಿನ ಇಟ್ಟು, ಒಂದು ಗೇಣಿನಷ್ಟು ಬಿಚ್ಚಿ, ತುದಿಗೆ ಬಟ್ಟೆ ಸುತ್ತಿದ ಸಣ್ಣ ತೂಕವಿಡಿ. ಬಿಗಿಯೆನಿಸಿದರೆ ಅಲ್ಲಿಗೇ ನಿಲ್ಲಿಸಿ. ಮೊದಲು ಬಿರಿಯುವುದು ಹೊಲಿಗೆಯ ತೂತು. ಪೂರ್ತಿ ಚಪ್ಪಟೆ ಮಾಡುವ ಹಟ ಬೇಡ. ಆಮ್ಲರಹಿತ ಕಾಗದದ ದಪ್ಪ ಕೊಳವೆಗೆ ಸಡಿಲವಾಗಿ ಸುತ್ತಿಡಿ. ಲ್ಯಾಮಿನೇಶನ್, ಸೆಲ್ಲೋಟೇಪ್ ಎರಡೂ ದೂರ. ತೇವಾಂಶ ಶೇ. 65 ದಾಟಿದರೆ ಬೂಷ್ಟು ಹಿಡಿಯುತ್ತದೆ.

ಇನ್ನೊಂದು: ಹಳೆಯ ಹಸ್ತಪ್ರತಿಗಳನ್ನು ಇಥಿಯೋಪಿಯಾದಿಂದ ಅನುಮತಿ ಇಲ್ಲದೆ ಹೊರತರುವಂತಿಲ್ಲ. ಮಾರಿದವರಲ್ಲಿ ಆ ಕಾಗದ ಕೇಳಿ.